ಹರಿಹರದ ಮನೆಗೆ ಬೆಲೆ ಕಟ್ಟಿಸಿದ್ದು

ದಾವಣಗೆರೆಯಲ್ಲಿ ನಮ್ಮದು ಹಾರ್ಡ್‌ವೇರ್ ಅಂಗಡಿ. ಪಕ್ಕದ ಮಳಿಗೆ ಖಾಲಿಯಾದಾಗ ಅದನ್ನೂ ಹಿಡಿಯಬೇಕೆಂದು ನನ್ನ ಗಂಡನಿಗೆ ಆಸೆಯಾಯಿತು. ತೀರಿಕೊಂಡ ಮಾವ ಹರಿಹರದಲ್ಲಿ ಕಟ್ಟಿಸಿದ್ದ ಮನೆಯ ಮೇಲೆ ಬ್ಯಾಂಕಿನಲ್ಲಿ ಸಾಲ ಕೇಳಿದರು. ಮನೆಗೆ ಬೆಲೆ ಕಟ್ಟಲು ಇಂಜಿನಿಯರೊಬ್ಬರು ಬರುತ್ತಾರೆಂದು ಬ್ಯಾಂಕಿನವರು ತಿಳಿಸಿದರು.

ಆ ಮನೆಯಲ್ಲಿ ಒಂಬತ್ತು ವರ್ಷದಿಂದ ಒಂದು ಕುಟುಂಬ ಬಾಡಿಗೆಗಿತ್ತು. ಗಂಡ ಗುತ್ತೂರಿನ ಕಡೆ ಫ್ಯಾಕ್ಟರಿಗೆ ಹೋಗುತ್ತಿದ್ದ. ಹೆಂಡತಿ ನನಗಿಂತ ನಾಲ್ಕೈದು ವರ್ಷ ಚಿಕ್ಕವಳು, ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದಳು. ಬಚ್ಚಲು ಸೋರುತ್ತದೆ ಎಂದು ಮೂರು ಮಳೆಗಾಲದಿಂದ ಹೇಳುತ್ತಿದ್ದಳು. ನಾವು ಹೂಂ ಅಂದಿದ್ದೆವು, ಅಷ್ಟೆ.

ನಾನೇ ಬಸ್ ಹತ್ತಿ ಹೋಗಿ ಅವಳಿಗೆ ಹೇಳಿದೆ: "ಅಂಗಡಿಯಿಂದ ಬಣ್ಣ ಕಳಿಸ್ತಾರೆ. ಬಚ್ಚಲದ್ದೂ ರಿಪೇರಿ ಮಾಡಿಸ್ತಾರೆ. ಪೇಂಟಿನವರು ಸಿಗವಲ್ರು, ನೀವೇ ಒಂದು ಕೈ ಹಚ್ಚಿಬಿಡ್ರಿ."

"ಆಗ್ಲಿ ಅಕ್ಕಾರೆ. ನಾವಿರೋ ಮನಿ, ನಾವಲ್ದೆ ಇನ್ಯಾರು ಮಾಡ್ತಾರೆ?"

ಅಂಗಡಿಯಲ್ಲಿ ಖರ್ಚಾಗದೆ ಉಳಿದಿದ್ದ ಡಬ್ಬಿಗಳನ್ನು ಕಳಿಸಿದೆವು. ಎರಡು ಭಾನುವಾರ ಗಂಡ ಹೆಂಡತಿ ಸೇರಿ ಬಳಿದರು. ಅಡುಗೆಮನೆಯ ಟೈಲ್ಸಿನ ಸಂದುಗಳನ್ನು ಅವಳು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದಳು. ಕೆಂಪು ಗಾರೆಯ ನೆಲಕ್ಕೆ ಕೊಬ್ಬರಿ ಎಣ್ಣೆ ಒರೆಸಿ ಹೊಳೆಯುವಂತೆ ಮಾಡಿದಳು.

"ಬಾಡಿಗೆಯವರು ಅದಾರೆ ಅಂದ್ರೆ ಬೆಲೆ ಇಳಿಸಿಬಿಡ್ತಾರೆ. ನಾವೇ ಇರೋ ಹಂಗೆ ಕಾಣ್ಬೇಕು," ಅಂದರು ನನ್ನ ಗಂಡ.

ಹಾಗಾಗಿ ಇಂಜಿನಿಯರ್ ಬರುವ ದಿನ ಬೆಳಿಗ್ಗೆ ಅವರ ಮಷಿನ್ನು, ಹಾಸಿಗೆ, ಪಾತ್ರೆಗಳ ಚೀಲ ಎಲ್ಲವನ್ನೂ ಮಾಳಿಗೆಗೆ ಸಾಗಿಸಿ ತಾಡಪಾಲು ಹೊದಿಸಿದೆವು. ನಡುಮನೆಯ ಗೋಡೆಯಲ್ಲಿ ಅವಳ ತೀರಿಹೋದ ತಾಯಿಯ ಫೋಟೊ ಇತ್ತು. ನಾನು ಸ್ಟೂಲ್ ಹತ್ತಿ ಅದನ್ನು ಇಳಿಸಿ, ಅದೇ ಮೊಳೆಗೆ ನಮ್ಮ ಮಾವನ ಫೋಟೊ ಹಾಕಿದೆ. ಸ್ಟೂಲ್ ಅಲ್ಲಾಡದ ಹಾಗೆ ಹಿಡಿದುಕೊಂಡಿದ್ದವಳು ಅವಳೇ.

"ಇದನ್ನ ಎಲ್ಲಿಡ್ಲಿ ಅಕ್ಕಾರೆ?"

"ಮ್ಯಾಲೆ ಇಟ್ಟು ಬಾ."

ಅದುವರೆಗೆ ಅವಳಿಗೆ ಬಹುವಚನವನ್ನೇ ಆಡುತ್ತಿದ್ದೆ. ಯಾವಾಗ ಬಿಟ್ಟೆನೋ ನನಗೇ ಗೊತ್ತಾಗಲಿಲ್ಲ.

ಇಂಜಿನಿಯರ್ ಹೇಳಿದ್ದಕ್ಕಿಂತ ಒಂದು ಗಂಟೆ ಮೊದಲೇ ಬಂದರು. ಅವಳಿನ್ನೂ ನೆಲ ಒರೆಸುತ್ತಿದ್ದಳು. "ಇವರು ಯಾರು?" ಎಂದು ಕೇಳಿದರು. ನನ್ನ ಗಂಡ ತಡವರಿಸಿದರು. ನಾನು ತಡವರಿಸಲಿಲ್ಲ.

"ಕೆಲಸದಾಕಿ ಸರ್."

ಅವಳು ಬಟ್ಟೆಯನ್ನು ಬಕೆಟ್ಟಿನಲ್ಲಿ ಅದ್ದಿ ಹಿಂಡಿದಳು. ಆಮೇಲೆ ಮತ್ತೆ ಒರೆಸತೊಡಗಿದಳು. "ಸಾಹೇಬ್ರಿಗೆ ಟೀ ಮಾಡು" ಎಂದೆ. ತನ್ನ ಮನೆಯ ಹಾಲು ಹಾಕಿ, ತನ್ನ ಒಲೆಯ ಮೇಲೆ ಮಾಡಿ ತಂದುಕೊಟ್ಟಳು.

ಅವರು ಅಳತೆ ತೆಗೆದುಕೊಂಡರು, ಗೋಡೆ ಬಡಿದು ನೋಡಿದರು, ಫೋಟೊ ತೆಗೆದರು. ಟೀ ಕುಡಿಯುತ್ತಾ, "ಹಳೇ ಮನಿ ಅನ್ಸೋದೇ ಇಲ್ಲ. ಕೆಲಸದಾಕಿ ಚಲೋ ಸಿಕ್ಕಾಳೆ ನಿಮಗೆ," ಅಂದರು.

"ಬೆನ್ನು ಹತ್ತಿ ಮಾಡಿಸ್ಬೇಕು ಸರ್," ಎಂದು ನಾನು ನಕ್ಕೆ. ಅವಳು ಅಲ್ಲೇ ಬಾಗಿಲ ಬಳಿ ನಿಂತಿದ್ದಳು.

ಅವರು ಹೋದ ಮೇಲೆ ಒಂದೇ ಮಾತು ಆಡಿದಳು: "ನನ್ನ ಮಗಳು ಸ್ಕೂಲಿಗೆ ಹೋಗಿದ್ದು ಚಲೋ ಆತು."

ನಾವು ಅಂದುಕೊಂಡಿದ್ದಕ್ಕಿಂತ ಹೆಚ್ಚು ಬೆಲೆ ಬಂತು, ಸಾಲವೂ ಸಿಕ್ಕಿತು. ಇಷ್ಟು ಬೆಲೆಬಾಳುವ ಮನೆಗೆ ಇಷ್ಟೇ ಬಾಡಿಗೆಯೇ ಎಂದು ನನ್ನ ಗಂಡನಿಗೆ ಅನ್ನಿಸಿದ್ದು ಆಗಲೇ. ಬಾಡಿಗೆ ಏರಿಸಿದರು. ಅವಳ ಗಂಡ ಅಂಗಡಿಗೆ ಬಂದು ನಿಂತ.

"ಅಷ್ಟು ಕೊಡಾಕೆ ಆಗಲ್ಲ ಅಣ್ಣಾರೆ. ಬಚ್ಚಲು ಬ್ಯಾರೆ ಇನ್ನೂ ಸೋರ್ತೈತೆ."

"ಸೋರೋ ಮನಿಯಾಗ ಯಾಕ ಇರ್ತೀರಿ? ಬಿಡ್ರಿ," ಅಂದರು ನನ್ನ ಗಂಡ.

ತಿಂಗಳ ಕೊನೆಗೆ ಬಿಟ್ಟರು. ಬೀಗದ ಕೈ ತರಲು ನಾವಿಬ್ಬರೂ ಹೋದೆವು. ಸಾಮಾನು ತುಂಬಿದ ಲಗೇಜ್ ಆಟೊ ಬಾಗಿಲಲ್ಲಿತ್ತು, ಮಗಳು ಅದರಲ್ಲಿ ಕೂತಿದ್ದಳು. ನನ್ನ ಗಂಡ ಕೋಣೆ ಕೋಣೆ ನೋಡುತ್ತಾ ಬಂದು ಒಲೆಕಟ್ಟೆಯ ಹಿಂದಿನ ಗೋಡೆಗೆ ಹತ್ತಿದ್ದ ಒಗ್ಗರಣೆ ಕಲೆಯನ್ನು ಬೆರಳಿಟ್ಟು ತೋರಿಸಿದರು.

"ಇದನ್ನ ಒರೆಸಿ ಹೋಗ್ರಿ."

ಅವಳು ಕೈಚೀಲ ಕೆಳಗಿಟ್ಟು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಒರೆಸಿದಳು. ಮುಗಿಸಿ ಕೀಲಿಕೈ ಚಾಚಿದಾಗ, ಇರಲಿ ಬಿಡು ಎಂದು ಕಳಿಸಿಕೊಡಬಹುದಿತ್ತು.

"ನಿಲ್ಲು," ಎಂದೆ ನಾನು. "ಒಣಗ್ಲಿ. ಒಣಗಿದ ಮ್ಯಾಲೆ ಕಲೆ ಉಳದೈತೋ ಇಲ್ಲೋ ನೋಡಾಣ."

ಗೋಡೆ ಒಣಗುವ ತನಕ ಅವಳು ನಿಂತೇ ಇದ್ದಳು.