ಶೇಂಗಾ ಮುಗಿದ ಮೇಲೆ ಗೋವಾ

ನನ್ನ ಅಣ್ಣ ಕಲ್ಯಾಣಪ್ಪನಷ್ಟು ತಲೆ ತಿನ್ನುವ ಮನುಷ್ಯ ವಳಸಂಗದಲ್ಲಿ ಇನ್ನೊಬ್ಬನಿಲ್ಲ. ಇದನ್ನು ನಾನು ಸಿಟ್ಟಿನಿಂದ ಹೇಳುತ್ತಿಲ್ಲ. ಸರಿ, ಸಿಟ್ಟಿನಿಂದಲೇ ಹೇಳುತ್ತಿದ್ದೇನೆ, ಆದರೆ ಸುಳ್ಳಲ್ಲ. ಊರಾಚೆ ಕಪ್ಪು ಮಣ್ಣಿನ ಹೊಲ, ಹಾಲು ಕೊಡುವ ಎಮ್ಮೆ, ಬತ್ತದ ಬಾವಿ, ಗುರುಬಾಯಿಯಂಥ ಹೆಂಡತಿ, ಇಷ್ಟೆಲ್ಲ ಕೊಟ್ಟ ದೇವರು ಸುಮ್ಮನಿರದೆ ಅವನ ಕೈಗೆ ಮೊಬೈಲನ್ನೂ ಕೊಟ್ಟ. ಅಲ್ಲಿಂದ ಕೆಟ್ಟಿತು.

ಮೊಬೈಲಿನಲ್ಲಿ ಅವನಿಗೊಬ್ಬ ಗುರು ಸಿಕ್ಕಿದ. ಕಪ್ಪು ಕನ್ನಡಕ ಹಾಕಿಕೊಂಡು ಹಿಂದಿಯಲ್ಲಿ ಪೋಕರ್ ಆಟದ ಗುಟ್ಟು ಹೇಳುವ ಯಾವನೋ ಒಬ್ಬ. ಪೋಕರ್ ಅಂದರೆ ಏನೆಂದು ಅಣ್ಣನಿಗೆ ಇವತ್ತಿಗೂ ಪೂರ್ತಿ ಗೊತ್ತಿಲ್ಲ. ನಮ್ಮ ಕಡೆ ಆಡುವುದು ತೀನ್ ಪತ್ತಿ, ತಲೆಗೆ ಮೂರು ಎಲೆ. ಆದರೆ ಗುರುವಿನ ಒಂದು ಮಾತು ಅವನ ತಲೆಯಲ್ಲಿ ಹೊಕ್ಕು ಚಾಪೆ ಹಾಸಿಕೊಂಡು ಮಲಗಿಬಿಟ್ಟಿತು. ಒಂದು ದಿನ ತಂಗಿಯಾದ ನನ್ನನ್ನು ಕೂರಿಸಿಕೊಂಡು, ಮುಂದೆ ಶೇಂಗಾ ಹರವಿ, ಅದನ್ನೇ ಪಾಠ ಮಾಡಿದ.

"ನೋಡ ನಂದಾ, ನಡುವ ನಾಕ ಮುಷ್ಟಿ ಶೇಂಗಾ ಬಿದ್ದಾವ. ಆಟದಾಗ ಉಳೀಬೇಕಂದ್ರ ನಾ ಒಂದ ಮುಷ್ಟಿ ಹಾಕಬೇಕು. ಇಂಥಾ ಆಟ ಐದ ಸಲ ಬಂದ್ರ, ಒಂದ ಸಲ ಗೆದ್ರೂ ಹಾಕಿದ್ದು ಬಂದದ್ದು ಬರೋಬರಿ. ಹೌದಿಲ್ಲೋ?"

"ಹೌದು."

"ಈಗ ನಡುವ ಒಂದ ಮುಷ್ಟಿ ಅದ, ನಾ ಮೂರ ಹಾಕಬೇಕು ಅನ್ನು. ಹಂಗಾದ್ರ ನಾಕರಾಗ ಮೂರ ಸಲ ಗೆಲ್ಲಬೇಕು. ಅಷ್ಟ ಖಾತ್ರಿ ಇಲ್ಲಂದ್ರ, ಕೈಯಾಗ ಎಂಥಾ ಭಾರಿ ಎಲಿ ಇರಲಿ, ಪ್ಯಾಕ್!"

ಎಲೆ ಮಗುಚಿಟ್ಟು ಆಟ ಬಿಡುವುದಕ್ಕೆ ನಮ್ಮಲ್ಲಿ ಪ್ಯಾಕ್ ಅನ್ನುತ್ತಾರೆ.

"ಚಲೋ ಎಲಿ ಬಂದಾದಂತ ಆಡಬಾರದು," ಅಂದ. "ನಡುವ ಏನ ಅದ, ನಾ ಏನ ಹಾಕಬೇಕು, ಅದನ್ನ ನೋಡಿ ಆಡಬೇಕು."

"ಅಣ್ಣಾ, ಶೇಂಗಾ ತಿನ್ನೂದಕ್ಕ ಇರತಾವ," ಅಂದೆ ನಾನು, ಎದ್ದು ಬಂದೆ.

ಇದು ಇಸ್ಪೀಟಿನಲ್ಲಿ ಇದ್ದಿದ್ದರೆ ಯಾರು ಕೇಳುತ್ತಿದ್ದರು! ಬಾಳಿಗೂ ಹಚ್ಚಿದ. ಪಕ್ಕದ ಹೊಲದ ಅಮೋಗಸಿದ್ಧ ಒಂದು ಗೇಣು ಬದು ಒತ್ತಿದ. ನ್ಯಾಯ ಪೂರ್ತಿ ನಮ್ಮ ಅಣ್ಣನದೇ, ಕಲ್ಲು ಸರಿಸಿದ್ದನ್ನು ಕಂಡವರೂ ಇದ್ದರು. ಊರ ಹಿರಿಯರು ಕೂಡಿದರು. ಅಮೋಗಸಿದ್ಧ ಬೆವರುತ್ತ ಕೂತಿದ್ದ. ಆಗ ಇವನು ಎದ್ದು ನಿಂತು, "ನಡುವ ಇರೋದು ಒಂದ ಗೇಣ ಮಣ್ಣ. ಅದಕ್ಕ ನಾ ಹಾಕಬೇಕಾದ್ದು ಜನ್ಮದ ವೈರ. ಪ್ಯಾಕ್," ಅಂದು ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬಂದ. ಹಿರಿಯರಿಗೆ ಚಹಾ ಕೂಡ ಬಂದಿರಲಿಲ್ಲ. ಗುರುಬಾಯಿ ವೈನಿ ಓಣಿಗೆಲ್ಲ ಕೇಳುವಂತೆ, "ಬರ್ರಿ ಬರ್ರಿ, ನಮ್ಮವರು ಹೊಲದ ಬದೂನ ಪ್ಯಾಕ್ ಮಾಡಿ ಬಂದಾರ!" ಅಂದಳು.

ಹೋಟಗಿಯಲ್ಲಿ ಒಂದು ಮದುವೆ. ಮೊದಲನೇ ಪಂಕ್ತಿಯಲ್ಲಿ ಫ್ಯಾನಿನ ಕೆಳಗೇ ಜಾಗ ಸಿಕ್ಕಿತ್ತು, ಎಲೆಯ ಮೇಲೆ ಬಿಸಿ ಹೋಳಿಗೆ ಬಿದ್ದಿತ್ತು. ಇವನು ಆಚೆ ಈಚೆ ನೋಡಿ, "ತುಪ್ಪದವ ಆ ತುದೀಂದ ಬರಾಕತ್ತಾನ, ಇಲ್ಲಿಗೆ ಬರೋದ್ರಾಗ ತುಪ್ಪ ತೀರತದ," ಎಂದು ಲೆಕ್ಕ ಹಾಕಿ ಎದ್ದ. ಎರಡನೇ ಪಂಕ್ತಿಯಲ್ಲಿ ತುಪ್ಪವಿತ್ತು, ಹೋಳಿಗೆ ಇರಲಿಲ್ಲ. ಅನ್ನಕ್ಕೆ ತುಪ್ಪ ಸುರಿದುಕೊಂಡು ಉಂಡು ಬಂದ. ನಾಚಿಕೆಯೆಂಬುದು ಇದ್ದರೆ ತಾನೇ?

ಇನ್ನು ಗೋವಾದ ವಿಷಯ. ಸೋಲಾಪುರದಿಂದ ಗೋವಾಕ್ಕೆ ವಿಮಾನ ಶುರುವಾದಾಗಿನಿಂದ ಗುರುಬಾಯಿ ವೈನಿಗೆ ಒಂದೇ ಆಸೆ, ಅದರಲ್ಲಿ ಒಮ್ಮೆ ಕೂರಬೇಕು. ಪಾಪ, ಅವಳು ಕಂಡದ್ದೇನು? ಅಕ್ಕಲಕೋಟೆಯ ತವರು, ಪಂಢರಪುರ, ಸೋಲಾಪುರದ ದವಾಖಾನೆ. ಅಣ್ಣನೋ, ಮಾಳಿಗೆಯ ನಿಚ್ಚಣಿಕೆ ಹತ್ತುವಾಗಲೇ ಕಣ್ಣು ಮುಚ್ಚಿ ದೇವರನ್ನು ನೆನೆಯುವ ಧೀರ. ಹೆದರಿಕೆ ಅಂತ ಬಾಯಿಬಿಟ್ಟು ಹೇಳಿದರೆ ಮೀಸೆ ಉದುರುತ್ತದೆಯೇ? ಅದನ್ನೂ ಹೇಳುವುದಿಲ್ಲ.

"ಗೋವಾದಾಗ ಏನದ? ನೀರ. ನೀರ ನಮ್ಮ ಬಾವ್ಯಾಗೂ ಅದ," ಅನ್ನುತ್ತಿದ್ದ.

"ಬಾವ್ಯಾಗ ತೆರಿ ಬರತಾವೇನ್ರಿ?"

"ಕಲ್ಲ ಒಗಿ, ಬರತಾವ."

"ಕುಣೀಲಾರದವರಿಗೆ ನೆಲಾ ಡೊಂಕ," ಎಂದು ವೈನಿ ಸೆರಗು ಕೊಡವಿ ಒಳಗೆ ಹೋಗುತ್ತಿದ್ದಳು. ಆದರೆ ಮರುದಿನ ಮತ್ತೆ ಕೇಳುತ್ತಿದ್ದಳು.

ಕಳೆದ ದೀಪಾವಳಿಯ ಭಾವುಬೀಜಕ್ಕೆ ನಾನೂ ನಮ್ಮ ಮನೆಯವರು ಸಾತಲಿಂಗಪ್ಪನವರೂ ವಿಜಾಪುರ ರಸ್ತೆಯ ಮನೆಯಿಂದ ಸ್ಕೂಟರಿನಲ್ಲಿ ವಳಸಂಗಕ್ಕೆ ಹೋದೆವು. ಅಣ್ಣನಿಗೆ ಆರತಿ ಎತ್ತಿದ್ದಾಯಿತು, ಊಟವಾಯಿತು. ಆಮೇಲೆ ಪಡಸಾಲೆಯಲ್ಲಿ ಚಾದರ ಹಾಸಿ ತೀನ್ ಪತ್ತಿ ಆಡುವುದು ನಮ್ಮ ಮನೆಯ ಪದ್ಧತಿ. ದುಡ್ಡಿಡುವಂತಿಲ್ಲ, ಅಪ್ಪ ಹಾಕಿಕೊಟ್ಟ ಕಟ್ಟಳೆ. ಹೊಸ ಫಸಲಿನ ಶೇಂಗಾ ಹುರಿದು ಎಲ್ಲರ ಮುಂದೆ ಒಂದೊಂದು ಗುಪ್ಪೆ ಸುರಿಯುತ್ತಾರೆ. ಪಣಕ್ಕೆ ಇಟ್ಟಿದ್ದನ್ನು ತಿನ್ನಬಾರದು. ಈ ಕಟ್ಟಳೆ ಗುರುಬಾಯಿ ವೈನಿಗೆ ಮಾತ್ರ ಇಂದಿಗೂ ತಿಳಿದಿಲ್ಲ. ತನ್ನದನ್ನೂ ಸುಲಿದು ತಿನ್ನುತ್ತಾಳೆ, ನಡುವಿನದನ್ನೂ ಸುಲಿದು ತಿನ್ನುತ್ತಾಳೆ. ಅಣ್ಣ ನಡುವೆ ಎಷ್ಟಿದೆ ಎಂದು ಲೆಕ್ಕ ಹಾಕಿ ಮುಗಿಸುವಷ್ಟರಲ್ಲಿ ಅದು ಅರ್ಧವಾಗಿರುತ್ತಿತ್ತು. "ಏ, ಲೆಕ್ಕ ತಪ್ಪಸಬ್ಯಾಡ!" ಎಂದು ಅವನು ಕೂಗುವುದು, ಅವಳು ಸಿಪ್ಪೆ ಊದುವುದು, ಹೀಗೇ ನಡೆದಿತ್ತು.

ಒಂದು ಆಟದಲ್ಲಿ ನಮ್ಮ ಮನೆಯವರು ಎಲೆ ನೋಡಿದ ಕೂಡಲೇ ಒಗೆದರು. ನಾನೂ ಒಗೆದೆ. ಉಳಿದವರು ಗಂಡ ಹೆಂಡತಿ ಇಬ್ಬರೇ. ನಾನು ಅಣ್ಣನ ಬಗಲಿಗೇ ಕೂತಿದ್ದೆ, ಕತ್ತು ಚಾಚಿ ಅವನ ಎಲೆ ನೋಡಿದೆ. ಇಸ್ಪೀಕ ಎಕ್ಕಾ, ಇಸ್ಪೀಕ ರಾಜಾ, ಇಸ್ಪೀಕ ರಾಣಿ! ಮೂರೂ ಒಂದೇ ಅಂಕಿಯ ಎಲೆ ಬಂದವರನ್ನು ಬಿಟ್ಟರೆ ಇದನ್ನು ಹೊಡೆಯುವವರು ಯಾರೂ ಇಲ್ಲ. ಹುಟ್ಟಿದಾಗಿನಿಂದ ಆಡಿದರೂ ನನ್ನ ಕೈಗೆ ಅಂಥ ಎಲೆ ಬಂದಿಲ್ಲ.

ವೈನಿ ತನ್ನ ಮುಂದೆ ತಡಕಾಡಿದಳು. ಸಿಪ್ಪೆ ಮಾತ್ರ ಇತ್ತು.

"ನನ್ನ ಶೇಂಗಾ ತೀರ್ಯಾವ," ಅಂದಳು. "ನಾ ಗೋವಾ ಇಡ್ತೀನಿ."

"ಏನಂದಿ?"

"ನೀವು ಸೋತ್ರ ನನ್ನ ಜೋಡಿ ಇಮಾನದಾಗ ಕುಂದರಬೇಕು. ನಾ ಸೋತ್ರ ಸಾಯೂತನಾ ಗೋವಾದ ಹೆಸರ ಎತ್ತಂಗಿಲ್ಲ. ಎಮ್ಮಿ ಆಣಿ. ಪ್ಯಾಕ್ ಮಾಡಿದ್ರೂ ಸೋತಂಗ. ಆಡ್ತೀರೇನು?"

ನಮ್ಮ ಮನೆಯವರು ಹೋ ಎಂದು ಚಪ್ಪಾಳೆ ತಟ್ಟಿದರು. ಅಣ್ಣ ಎಲೆ ನೋಡಿದ, ಹೆಂಡತಿಯನ್ನು ನೋಡಿದ, ಮತ್ತೆ ಎಲೆ ನೋಡಿದ. ತುಟಿ ಪಿಟಿಪಿಟಿ ಅನ್ನತೊಡಗಿತು. ಲೆಕ್ಕ ಶುರುವಾಗಿತ್ತು! ಇದರಲ್ಲಿ ಎಂಥ ಲೆಕ್ಕ, ಮಾರಾಯ? ಶೋ ಅಂದರೆ ಸಾಕು, ಇಬ್ಬರೂ ಎಲೆ ತೆರೆದು ತೋರಿಸಬೇಕು, ವಿಮಾನದ ಪೀಡೆ ಇವತ್ತಿಗೆ ತೊಲಗಿತು. ನಾನು ಅವನ ತೊಡೆ ಚಿವುಟಿದೆ. ವೈನಿಯ ಮೇಲೆ ಕರುಣೆ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಅಂಥ ಎಲೆ ಕಂಡ ಮೇಲೆ ಕರುಣೆ ಎಲ್ಲಿ ನಿಲ್ಲುತ್ತದೆ?

ಅಣ್ಣ ಕಡೆಗೆ ಮೂರೂ ಎಲೆಗಳನ್ನು ಮಗುಚಿ, ಉಳಿದ ಎಲೆಗಳ ಗಡ್ಡಿಯೊಳಗೆ ತುರುಕಿ, ಕಲಸಿಬಿಟ್ಟ.

"ಪ್ಯಾಕ್," ಅಂದ.

"ಹೇ, ಪುಕ್ಕಲಾ!" ಎಂದು ನಮ್ಮ ಮನೆಯವರು ಉರುಳಿ ಉರುಳಿ ನಕ್ಕರು. ವೈನಿ ತನ್ನ ಎಲೆ ತಿರುವಿ ತೋರಿಸಿದಳು. ಬದಾಮ ಎರಡು, ಬದಾಮ ಐದು, ಚೌಕಟ ಒಂಬತ್ತು. ಕವಡೆ ಕಿಮ್ಮತ್ತಿಲ್ಲದ ಎಲೆ.

"ಇದರ ಮ್ಯಾಲ ಗೋವಾ ಇಟ್ಟಿ?" ಅಂದೆ.

"ಮೂರೂ ಕೆಂಪ ಬಂದಾವಲ್ಲ, ಛಂದ ಕಂಡ್ವು," ಅಂದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಅಣ್ಣ ಎಮ್ಮೆಗೆ ಮೇವು ಹಾಕುವ ನೆವ ಮಾಡಿ ಎದ್ದ, ನಾನು ಕೊಟ್ಟಿಗೆಯವರೆಗೂ ಬೆನ್ನು ಹತ್ತಿದೆ. "ಹುಚ್ಚಾ, ಆ ಎಲಿಗೆ ಯಾರರ ಪ್ಯಾಕ್ ಮಾಡ್ತಾರ? ನಿನ್ನ ಗುರು ಹೇಳಿದ ಲೆಕ್ಕ ಎಲ್ಲಿ ಹೋತು?"

"ಸಾವಕಾಶ ಮಾತಾಡ, ಅಕಿ ಕೇಳ್ಯಾಳು," ಅಂದ. "ಲೆಕ್ಕಾನ ಮಾಡೀನಿ, ನಂದಾ. ನಡುವ ಏನ ಇತ್ತು? ಗೆದ್ರ ನನಗೇನ ಸಿಗತಿತ್ತು? ಅಕಿ ಇನ್ನ ಕೇಳೂದಿಲ್ಲ, ಅಷ್ಟ. ಈಗ ಊರ ಮ್ಯಾಲ ಇಮಾನ ಬಂದಾಗ ಅಕಿ ಮ್ಯಾಲ ನೋಡ್ತಾಳ, ಆಮ್ಯಾಲ ನನ್ನ ಕಡೆ ನೋಡ್ತಾಳ. ನಾ ಗೆದ್ದಿದ್ರ ಬರೇ ಮ್ಯಾಲ ನೋಡಿ ಸುಮ್ಮ ಒಳಗ ಹೋಗ್ತಿದ್ಲು. ಅಂಥಾದ್ದ ಗೆದ್ದ ನಾ ಏನ ಮಾಡ್ಲಿ?"

ಅವನು ಎಮ್ಮೆಯ ಬೆನ್ನು ಸವರಿ, ದನಿ ಇನ್ನೂ ತಗ್ಗಿಸಿ ಕೇಳಿದ: "ಅದರ ಕಿಟಕಿ ಮುಚ್ಚಾಕ ಬರತದಲ್ಲ?"

ಹೊರಡುವ ಹೊತ್ತಿಗೆ ವೈನಿ ಅಡುಗೆಮನೆಯಲ್ಲಿ ನನಗೆ ಕಡಕ್ ರೊಟ್ಟಿ ಕಟ್ಟುತ್ತಿದ್ದಳು. ನನ್ನ ಬಾಯಲ್ಲಿ ಮಾತು ನಿಲ್ಲುವುದಿಲ್ಲ, ಅದು ಊರಿಗೇ ಗೊತ್ತು.

"ವೈನಿ, ಅಣ್ಣನ ಕೈಯಾಗ ಎಕ್ಕಾ ರಾಜಾ ರಾಣಿ ಇದ್ವು."

"ಗೊತ್ತಿತ್ತು," ಅಂದಳು ರೊಟ್ಟಿ ಎಣಿಸುವುದನ್ನು ಬಿಡದೆ. "ಭಾರಿ ಎಲಿ ಬಂದ್ರ ಅವರ ಕಾಲ ಹೆಬ್ಬೆಟ್ಟ ಅಳ್ಳಾಡತದ."

"ಗೊತ್ತಿದ್ದೂ ಗೋವಾ ಇಟ್ಟಿ?"

"ಗೊತ್ತಿತ್ತಂತಲೇ ಇಟ್ಟೆ," ಅಂದಳು. "ಕೆಟ್ಟ ಎಲಿ ಇದ್ದಾಗ ಯಾರ ಬೇಕಾದ್ರೂ ಬಿಟ್ಟ ಕೊಡ್ತಾರ, ನಂದಾ."

ಅವಳ ಕಣ್ಣು ತುಂಬಿತ್ತು. ಖಾರದ ಡಬ್ಬಿ ಮುಚ್ಚುತ್ತ, ಖಾರ ಕಣ್ಣಿಗೆ ಹೋಯಿತು ಎಂದಳು. ನಾನು ಹೂಂ ಅಂದೆ.

ಸ್ಕೂಟರಿನಲ್ಲಿ ಹಿಂದೆ ಕೂತು ಸೋಲಾಪುರದ ಹಾದಿ ಹಿಡಿದ ಮೇಲೆ ನನಗೆ ತಡೆಯಲಾಗಲಿಲ್ಲ. "ಏನ್ರಿ, ನಿಮ್ಮ ಕೈಯಾಗ ಎಕ್ಕಾ ರಾಜಾ ರಾಣಿ ಇದ್ದು, ನಾ ಗೋವಾ ಇಟ್ಟಿದ್ರ ನೀವು ಏನ ಮಾಡ್ತಿದ್ರಿ?"

"ಶೋ ಅಂತಿದ್ದೆ. ಮತ್ತೇನು?" ಅಂದರು.

ವಿಜಾಪುರ ರಸ್ತೆ ಬರುವ ತನಕ ನಾನು ಒಂದು ಮಾತೂ ಆಡಲಿಲ್ಲ. ಅವರಿಗೆ ಅದು ಗೊತ್ತೂ ಆಗಲಿಲ್ಲ.