ದೀಪಕ್ಕೆ ಮುಖ ತೊಳೆಸುತ್ತಿದ್ದ ಸಾವ್ಕಾರ್ರು

ನಮ್ಮ ಸಾವ್ಕಾರ್ರ ಬಲಗೈಯ ಕಿರುಬೆರಳು ನಡುಗೆಣ್ಣಿನಿಂದಾಚೆಗೆ ಹೊರಕ್ಕೆ ತಿರುಗಿಕೊಂಡಿತ್ತು. ಹರೆಯದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರಕ್ಕೆ ಕೈ ಕೊಟ್ಟಿದ್ದರ ಗುರುತು. ಉಳಿದ ಬೆರಳುಗಳು ಸ್ಟಿಯರಿಂಗ್ ಹಿಡಿದಿದ್ದರೆ ಇದೊಂದು ಮಾತ್ರ ಮದುವೆಮನೆಯಲ್ಲಿ ಯಾರೂ ಮಾತಾಡಿಸದ ನೆಂಟನ ಹಾಗೆ ಪಕ್ಕದಲ್ಲಿ ನಿಂತಿರುತ್ತಿತ್ತು. ಆದರೆ ಸಂಜೆಯಾಗಿ ಕಾರಿನ ದೀಪ ಹಚ್ಚುವ ಹೊತ್ತು ಬಂತೆಂದರೆ, ದೀಪಕ್ಕೆ ಮುಖ ತೊಳೆಸುವ ಕೆಲಸ ಅದರದೇ. ಬೇರೆ ಬೆರಳಿಗೆ ಆ ಅಧಿಕಾರವಿರಲಿಲ್ಲ.

ಹೊಂಗಡಹಳ್ಳದಾಚೆ ಅವರ ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್ ಆಗಿದ್ದೆ. ಎಸ್ಟೇಟಿನ ಭಾಷೆಯಲ್ಲಿ ರೈಟರ್ ಎಂದರೆ ಆಳುಗಳ ಹಾಜರಿ ಬರೆಯುವವನು. ಸಾಹಿತ್ಯಕ್ಕೂ ಅವನಿಗೂ ಸ್ನಾನಸೂತಕವಿಲ್ಲ. ಹಾಜರಿಯ ಜೊತೆಗೆ ನನಗೆ ಇನ್ನೊಂದು ಕೈಂಕರ್ಯವಿತ್ತು: ಸಾವ್ಕಾರ್ರು ಹೊಸ ಕಾರು ತಂದಾಗಲೆಲ್ಲ ಅದರ ಜೊತೆ ಬರುವ ದಪ್ಪ ಪುಸ್ತಕವನ್ನು ಜಗಲಿಯಲ್ಲಿ ಕೂತು ಪಾರಾಯಣ ಮಾಡಿ ಅರ್ಥ ಹೇಳುವುದು. ಹೊಸ ಕಾರು ಎಂದರೆ ಅವರಿಗೆ ಹೊಸದು ಅಷ್ಟೆ. ಮಂಗಳೂರಿನ ದೊಡ್ಡ ಮನುಷ್ಯರು ಓಡಿಸಿ ಬೇಜಾರಾಗಿ ಬಿಟ್ಟ ಐಷಾರಾಮಿ ಗಾಡಿಗಳನ್ನು ಸಕಲೇಶಪುರದ ಗ್ಯಾರೇಜ್ ಭಾಯ್ ಘಾಟಿ ಹತ್ತಿಸಿ ತಂದು ಕೊಡುತ್ತಿದ್ದರು. 

ಸಾವ್ಕಾರ್ರಿಗೆ ಮನುಷ್ಯರ ಜಾತಿ, ಕುಲ ಯಾವುದೂ ಬೇಡ, ಇಸವಿ ಬೇಕು. ಹೊಸ ಆಳು ಬಂದರೂ, ಆಲೂರಿನ ತಾಲ್ಲೂಕು ಕಚೇರಿಯಲ್ಲಿ ಹೊಸ ಅಧಿಕಾರಿ ಎದುರಾದರೂ ಮೊದಲ ಪ್ರಶ್ನೆ ಒಂದೇ. "ತಮ್ದು ಯಾವ ಇಸವಿ ಮಾಡೆಲ್ಲು?" ಕೋಪಿಸಿಕೊಂಡವರಿಗೆ, "ಇಸವಿ ನೋಡ್ಕಂಡು ಮಾತಾಡ್ಬೇಕು ಕಣ್ರೀ, ಎಲ್ಲಾರ್ಗೂ ಒಂದೇ ಕಡೆ ಸ್ವಿಚ್ ಇರಲ್ಲ" ಎಂದು ಸಮಾಧಾನ ಹೇಳುತ್ತಿದ್ದರು.

ಅವರ ಮೊದಲನೇ ದೊಡ್ಡ ಕಾರಿನಲ್ಲಿ ದೀಪ ತೊಳೆಯುವುದಕ್ಕೆ ಡ್ಯಾಶ್‌ಬೋರ್ಡಿನ ನಡುವೆ ಒಂದು ಪ್ರತ್ಯೇಕ ಗುಂಡಿ ಇತ್ತು. ಒತ್ತಿದರೆ ದೀಪಗಳ ಕೆಳಗಿನ ಎರಡು ಮುಚ್ಚಳ ಎದ್ದು, ಆಮೆಯ ತಲೆಯಂಥದು ಹೊರಗೆ ಬಂದು, ಗಾಜಿನ ಮೇಲೆ ಫೂ ಎಂದು ನೀರು ಉಗಿದು ಒಳಗೆ ಹೋಗುತ್ತಿತ್ತು. ಆ ಗುಂಡಿ ಒತ್ತುವ ಹಕ್ಕು ಎಡಗಡೆ ಸೀಟಿನ ಅಮ್ಮಾವ್ರದು, ಎಂದರೆ ಸಾವ್ಕಾರ್ರ ಹೆಂಡತಿಯದು. ಮುಸ್ಸಂಜೆ ಮುಖ ತೊಳೆಯದೆ ದೀಪ ಹಚ್ಚಿದರೆ ಬರಬಾರದ್ದು ಮನೆಯೊಳಗೆ ಬರುತ್ತದೆ ಎಂದು ಅವರು ನಂಬಿದ್ದರು. ಕಾರಿಗೂ ಅದೇ ಕಾನೂನು. ತೊಂದರೆಯೆಂದರೆ, ದೀಪ ಉರಿಯುತ್ತಿದ್ದರೆ ಮಾತ್ರ ಆ ಗುಂಡಿ ಕೆಲಸ ಮಾಡುತ್ತಿತ್ತು.

"ಮೊದ್ಲು ಹಚ್ಚಿ ಆಮ್ಯಾಕೆ ಮುಖ ತೊಳೀತದಾ? ಯಾವ ಸೀಮೆ ಪದ್ಧತಿ ರೀ ಇದು?"

"ಮಾಡ್ದೋರು ಬಿಳೀ ದೊರೆಗಳು ಕಣೇ. ಅವ್ರು ಹಲ್ಲುಜ್ಜೋಕ್ ಮುಂಚೆ ಕಾಫಿ ಕುಡಿಯೋ ಜನ."

ಕೊನೆಗೆ, ಹಚ್ಚಿದ ಕ್ಷಣದಲ್ಲೇ ತೊಳೆದರೆ ದೋಷವಿಲ್ಲ ಎಂದು ಅಮ್ಮಾವ್ರು ವಿನಾಯಿತಿ ಕೊಟ್ಟರು. ಹಾಗೆ ವರ್ಷಗಟ್ಟಲೆ ನಡೆಯಿತು. ಒಂದು ಬೇಸಿಗೆ ಅಮ್ಮಾವ್ರು ಕಾಯಿಲೆ ಬಿದ್ದರು, ಏಳಲಿಲ್ಲ.

ಮುಂದಿನ ಮಳೆಗಾಲದ ಒಂದು ಸಂಜೆ ಪೇಟೆಯಿಂದ ವಾಪಸು ಬರುತ್ತಿದ್ದೆವು. ಎಡಗಡೆ ಸೀಟಿನಲ್ಲಿ ನಾನು. ಹೊಂಗಡಹಳ್ಳ ದಾಟಿದ ಮೇಲೆ ಒಂದು ತಿರುವಿದೆ; ಕಣಿವೆಯ ಮಂಜು ರಸ್ತೆಗೆ ಹತ್ತುವುದು ಅಲ್ಲೇ. ಸಾವ್ಕಾರ್ರು ದೀಪ ಹಚ್ಚಿ, ಅಮ್ಮಾವ್ರು ಒತ್ತುತ್ತಿದ್ದ ಗುಂಡಿಯನ್ನು ಬಲಗೈ ಅಡ್ಡ ಚಾಚಿ ತಾವೇ ಸೊಟ್ಟ ಬೆರಳಲ್ಲಿ ಒತ್ತಿದರು. ನೀರು ಚಿಮ್ಮಿತು. ಗಾಳಿ ಅದನ್ನು ಎತ್ತಿ ಬಾನೆಟ್ಟಿನ ಮುಂದೆ ನಿಲ್ಲಿಸಿದ ಹಾಗಾಯಿತು. ತೊಳೆದ ಬೆಳಕು ಅದರೊಳಗೆ ಹೊಕ್ಕಿತು. ಬೆಳ್ಳಗೆ, ಆಳೆತ್ತರ. ಉಸಿರು ಎಳೆದು ಬಿಡುವಷ್ಟು ಹೊತ್ತು.

ಸಾವ್ಕಾರ್ರು ಬ್ರೇಕು ತುಳಿದರು.

"ನೋಡಿದ್ರಾ ರೈಟ್ರೇ?"

"ಏನು ಸಾವ್ಕಾರ್ರೇ?"

"ಸೆರಗಲ್ಲಿ ಮುಖ ಒರಸ್ಕಂತಾ ಇದ್ಲು."

"ನೀರು ಸಾವ್ಕಾರ್ರೇ. ಗಾಳಿಗೆ ಹಾರಿ ಬೆಳಕಿಗೆ ಸಿಕ್ತು."

"ನೀರೇ ಕಣ್ರೀ. ನಾನೇನ್ ಹಾಲು ಅಂದ್ನಾ?"

ಅಂದಿನಿಂದ ಅವರಿಗೆ ದಿನವೂ ಸಂಜೆ ಆ ತಿರುವಿಗೆ ಹೋಗದಿದ್ದರೆ ಊಟ ಸೇರುತ್ತಿರಲಿಲ್ಲ. ಪೇಟೆಯಲ್ಲಿ ಕೆಲಸವಿಲ್ಲದಿದ್ದರೆ ಹುಟ್ಟಿಸಿಕೊಳ್ಳುತ್ತಿದ್ದರು. ಬದುಕಿನಲ್ಲಿ ಅವರಿಗೆ ಬೇಕಾಗಿದ್ದದ್ದು ಆ ಒಂದು ಉಸಿರಿನಷ್ಟು ಹೊತ್ತು ಮಾತ್ರ ಎಂದು ನನಗೆ ತಿಳಿದಿತ್ತು. ಆದರೂ ಪ್ರತಿ ಸಲವೂ "ನೀರು ಸಾವ್ಕಾರ್ರೇ" ಎನ್ನುತ್ತಿದ್ದೆ. ರೈಟರ್ ಆದವನು ಕಂಡ ತಲೆಯನ್ನು ಮಾತ್ರ ಹಾಜರಿಗೆ ಹಾಕಬೇಕು.

ಆ ಕಾರು ಮುದಿಯಾಯಿತು. ಭಾಯ್ ಅದೇ ಕಂಪನಿಯ, ಅದೇ ಹೆಸರಿನ, ಈಚಿನ ಇಸವಿಯದನ್ನು ತಂದರು. ಗುಂಡಿ ಇರಲಿಲ್ಲ! ಸಾವ್ಕಾರ್ರು ಡ್ಯಾಶ್‌ಬೋರ್ಡನ್ನು ಕತ್ತಲೆಮನೆಯಲ್ಲಿ ಬೆಂಕಿಪೊಟ್ಟಣ ತಡಕುವವರಂತೆ ತಡಕಿದರು. ನಾನು ಪಾರಾಯಣಕ್ಕೆ ಕೂತೆ. ಗ್ರಂಥಕರ್ತರ ಅಪ್ಪಣೆ ಹೀಗಿತ್ತು: ವೈಪರಿನ ಕಡ್ಡಿಯನ್ನು ತನ್ನ ಕಡೆಗೆ ಎಳೆಯತಕ್ಕದ್ದು, ದೀಪ ಹಚ್ಚಿದ ಮೇಲಿನ ಮೊದಲ ಎಳೆತಕ್ಕೆ ದೀಪವೂ ತೊಳೆಯಲ್ಪಡುವುದು, ಅನಂತರ ಪ್ರತಿ ಐದನೆಯ ಎಳೆತಕ್ಕೆ ಮಾತ್ರ.

"ಐದಕ್ಕೊಂದ್ಸಲ ಅಂದ್ರೆ? ಅವ್ಳೇನ್ ಸೊಸೈಟಿ ಸಕ್ಕರೆನೇನ್ರೀ, ಕಾರ್ಡಿಗಿಷ್ಟು ಅಂತ ಕೊಡಕ್ಕೆ?"

ಸಾವ್ಕಾರ್ರು ಇದಕ್ಕೊಂದು ಉಪಾಯ ಕಂಡುಕೊಂಡರು. ಮೊದಲ ಎಳೆತ ಪೋಲಾಗಬಾರದೆಂದು ತಿರುವಿನವರೆಗೂ ದೀಪವನ್ನೇ ಹಚ್ಚುತ್ತಿರಲಿಲ್ಲ. ಮಂಜಿನಲ್ಲಿ, ದೀಪವಿಲ್ಲದ ಕಾರಿನಲ್ಲಿ, ಎದುರಿನಿಂದ ಬರುವ ಜೀಪುಗಳ ದಯೆಯಲ್ಲಿ ನಾವಿಬ್ಬರೂ ಮೆಲ್ಲನೆ ತೇಲುತ್ತಿದ್ದೆವು. ನನಗೆ ಗೊತ್ತಿದ್ದ ದೇವರ ಹೆಸರುಗಳೆಲ್ಲ ಆ ದಾರಿಯಲ್ಲೇ ಬಾಯಿಪಾಠವಾದವು. ರಸ್ತೆ ಬದಿಯ ಲೈನುಮನೆಗಳ ಆಳುಗಳು ಆ ಹೊತ್ತಿಗೆ ರಸ್ತೆಯಿಂದ ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಿದ್ದರು. ಸಾವ್ಕಾರ್ರಿಗೆ ಹೆದರಿಯೋ, ಅಮ್ಮಾವ್ರಿಗೆ ಹೆದರಿಯೋ, ನಾನು ಕೇಳಲಿಲ್ಲ.

ಅದಾದ ಮೇಲೆ ಭಾಯ್ ತಂದ, ಇನ್ನೂ ಈಚಿನ ಇಸವಿಯ ಕಾರಿನಲ್ಲಿ ಎಣಿಕೆ ಹೋಗಿ ಬೇರೆ ವಿಧಿ ಬಂದಿತ್ತು. ಕಡ್ಡಿ ಎಳೆದು ಬಿಟ್ಟರೆ ಮುಂದಿನ ಗಾಜಿಗೆ ಮಾತ್ರ ನೀರು. ಎಳೆದು ಹಿಡಿದುಕೊಂಡೇ ಇದ್ದರೆ ದೀಪಕ್ಕೆ. ಒಂದೇ ಮನೆತನದ ಕಾರುಗಳಲ್ಲಿ ಇಸವಿ ಬದಲಾದಂತೆ ಆಚಾರ ಬದಲಾಗುವುದನ್ನು ಕಂಡು, ನಾಮ ಹೀಗಿಡಬೇಕೋ ಹಾಗಿಡಬೇಕೋ ಎಂದು ಕೋರ್ಟಿಗೆ ಹೋದವರ ಮೇಲಿನ ನನ್ನ ತಿರಸ್ಕಾರ ಎಷ್ಟೋ ಕಡಿಮೆಯಾಯಿತು. ಸಾವ್ಕಾರ್ರಿಗೆ ಮಾತ್ರ ಈ ವಿಧಿ ಹಿಡಿಸಿತು. "ಬಾಗ್ಲು ತಟ್ಟಿ ನಿಂತಂಗೈತೆ. ಒಳಗಿರೋರು ಬರೋಕೆ ಒಂದ್ ಚೂರು ಹೊತ್ತು ಬೇಕಲ್ವಾ?" ಎಂದರು. ಬೆರಳಲ್ಲಿ ಕಡ್ಡಿ ಹಿಡಿದು ಕಾಯುವಾಗ ಅವರು ಉಸಿರಾಡುತ್ತಿರಲಿಲ್ಲ, ನಾನೂ.

ದಿನವೂ ದುಡಿದು ಆ ಕಾರಿನ ನೀರೆತ್ತುವ ಪಂಪು ಸುಟ್ಟುಹೋಯಿತು. ಭಾಯ್ ಹುಡುಕದ ಊರಿಲ್ಲ. "ಆ ಇಸವೀದು ಈ ಇಸವೀಗೆ ಕೂರಲ್ಲ ಸಾವ್ಕಾರ್ರೇ, ಈಗ ಆ ಸಾಮಾನೇ ಬರ್ತಿಲ್ಲ" ಎಂದು ಕೈಚೆಲ್ಲಿ, ತೀರಾ ಈಚಿನ ಗಾಡಿಯೊಂದನ್ನು ತಂದು ನಿಲ್ಲಿಸಿದರು. ನಾನು ಗ್ರಂಥವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಮತ್ತೆ ಓದಿದೆ. ಸಾವ್ಕಾರ್ರು ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಇದ್ರಲ್ಲಿ ಇಲ್ಲ ಸಾವ್ಕಾರ್ರೇ."

"ಏನಿಲ್ಲ?"

"ದೀಪ ತೊಳೆಯೋದೇ ಇಲ್ಲ. ತೆಗೆದುಬಿಟ್ಟಿದ್ದಾರೆ. ಕತ್ತಲಾದರೆ ದೀಪ ತಾನಾಗೇ ಹತ್ತಿಕೊಳ್ಳುತ್ತಂತೆ."

ಅವರು ಅಂಗಳದಲ್ಲಿ ನಿಂತಿದ್ದ ಕಾರಿನತ್ತ ತಿರುಗಿದರು. "ಮುಖ ತೊಳೀದೆ, ಯಾರೂ ಹೇಳ್ದೆ, ತಾನಾಗೇ ಹತ್ಕತದಾ? ಯಾರು ಬಂದು ಹಚ್ತಾರಂತೆ?"

ಆಮೇಲೆ ಬಹಳ ದಿನ ಅವರು ಸಂಜೆ ಹೊರಡಲಿಲ್ಲ. ಊಟ ಕಡಿಮೆಯಾಯಿತು. ಯಾರ ಇಸವಿಯನ್ನೂ ಕೇಳುತ್ತಿರಲಿಲ್ಲ. ಒಂದು ದಿನ ಬಿಸಿಲು ಇಳಿಯುತ್ತಿದ್ದಂತೆ ನನ್ನನ್ನು ಕರೆದರು. ಕೈಯಲ್ಲಿ ನೀರು ತುಂಬಿದ ಚೊಂಬಿತ್ತು.

ತಿರುವಿಗೆ ಬರುವ ಹೊತ್ತಿಗೆ ದೀಪಗಳು ತಾವಾಗಿ ಹತ್ತಿಕೊಂಡವು. ಸಾವ್ಕಾರ್ರು ಕಾರು ನಿಲ್ಲಿಸಿ, ಇಳಿದು, ಮುಂದೆ ಹೋಗಿ ದೀಪಗಳಿಗೆ ನೀರು ಎರಚಿದರು. ಬೆಳಕಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು ಅತ್ತಿತ್ತ ನೋಡಿದರು. ಮತ್ತೆ ಎರಚಿದರು. ಆಮೇಲೆ ನನ್ನ ಕಿಟಕಿಯ ಬಳಿ ಬಂದು ನಿಂತರು.

"ತೊಳೆಯೋನಿಗೆ ಕಾಣಲ್ಲ ಕಣ್ರೀ. ಕೂತೋನಿಗೇ ಕಾಣೋದು. ನಿಮಗೇನಾದ್ರೂ..."

ನಾನು "ನೀರು" ಎನ್ನಬೇಕಿತ್ತು. ಅದರ ಬದಲು ಚೊಂಬು ಇಸಿದುಕೊಂಡೆ. "ತಾವು ಕೂತ್ಕೊಳಿ ಸಾವ್ಕಾರ್ರೇ, ನಾನು ಹಾಕ್ತೀನಿ."

ಅವರು ಸ್ಟಿಯರಿಂಗಿನ ಹಿಂದೆ ಕೂತರು. ನಾನು ಕಾರಿಗೆ ಮುಖ ಮಾಡಿ, ಮಂಜಿಗೆ ಬೆನ್ನು ಕೊಟ್ಟು ನಿಂತೆ. ಉಳಿದ ನೀರನ್ನೆಲ್ಲ ಎರಚಿದೆ. ಗಾಜಿನೊಳಗೆ ಅವರ ಮುಖ ಕಾಣುತ್ತಿತ್ತು. ಅದು ನನ್ನನ್ನು ನೋಡುತ್ತಿರಲಿಲ್ಲ. ನನ್ನ ಹೆಗಲಿನ ಪಕ್ಕದ ಜಾಗವನ್ನು ನೋಡುತ್ತಿತ್ತು. ಆ ಹೊತ್ತಿಗೆ ನನ್ನ ಕತ್ತಿನ ಹಿಂಭಾಗಕ್ಕೆ ಒದ್ದೆ ಬಟ್ಟೆಯ ಅಂಚು ತಗುಲಿದಂತಾಯಿತು. ತಿರುಗಿದೆ. ಮಂಜು, ಮಂಜಿನಾಚೆ ಸಿಲ್ವರ್ ಮರಗಳು.

ಬೇಗ ಬೇಗ ಬಂದು ಎಡಗಡೆಯ ಬಾಗಿಲಿಗೆ ಕೈ ಹಾಕಿದೆ.

"ಹಿಂದ್ಗಡೆ ಕೂತ್ಕೊಳಿ ರೈಟ್ರೇ," ಎಂದರು ಸಾವ್ಕಾರ್ರು, ಮೆಲ್ಲಗೆ.

ಕೂತೆ. ಕಾರು ಹೊರಟಿತು. ಸ್ವಲ್ಪ ದೂರ ಹೋದ ಮೇಲೆ ಟಿಣ್, ಟಿಣ್ ಎಂದು ಸದ್ದು ಶುರುವಾಯಿತು. ಆ ಸದ್ದಿನ ಅಧ್ಯಾಯವನ್ನು ಓದಿ ಅರ್ಥ ಹೇಳಿದವನು ನಾನೇ: ಮುಂದಿನ ಸೀಟಿನಲ್ಲಿ ಯಾರಾದರೂ ಬೆಲ್ಟು ಹಾಕಿಕೊಳ್ಳದೆ ಕೂತಿದ್ದರೆ ಗಾಡಿ ಹಾಗೆ ಎಚ್ಚರಿಸುತ್ತದೆ. ಸಾವ್ಕಾರ್ರು ಬೆಲ್ಟು ಹಾಕಿಕೊಂಡಿದ್ದರು. ಎಡಗಡೆಯ ಸೀಟಿನ ಮೇಲೆ ಏನೂ ಇರಲಿಲ್ಲ. ಖಾಲಿ ಚೊಂಬು ಕೂಡ ನನ್ನ ತೊಡೆಯ ಮೇಲಿತ್ತು.

ಅವರು ಕಾರು ನಿಲ್ಲಿಸಿ, ಬಗ್ಗಿ, ಆ ಸೀಟಿನ ಬೆಲ್ಟನ್ನು ಎಳೆದು ನಿಧಾನವಾಗಿ ಸಿಕ್ಕಿಸಿದರು. ಸದ್ದು ನಿಂತಿತು.

"ಅವ್ಳಿಗೆ ಇದೆಲ್ಲ ಗೊತ್ತಿಲ್ಲ ಮಾರಾಯ್ರೇ. ಅವ್ಳ ಇಸವೀಲಿ ಇದು ಇರ್ಲಿಲ್ಲ," ಎಂದರು.

ಆಮೇಲೆ ಅವರು ಚೆನ್ನಾಗಿ ಉಂಡರು, ನಕ್ಕರು, ಆಳುಗಳ ಇಸವಿ ಕೇಳಿದರು. ಸಂಜೆಯ ಹೊತ್ತು ನನ್ನ ಜಾಗ ಹಿಂದಿನ ಸೀಟೆಂದು ಖಾಯಂ ಆಯಿತು. ಯಾರಾದರೂ ಕೂತರೆ ತಿಳಿಯುವ ಸೀಟಿನ ಸೆನ್ಸರ್ ಕೆಟ್ಟಿರಬಹುದು, ಭಾಯ್‌ಗೆ ತೋರಿಸೋಣವೆಂದರೆ, "ಅದಕ್ಕೆ ಕೈ ಹಚ್ಚಿಸ್ಬ್ಯಾಡಿ" ಎಂದು ಬಿಡುತ್ತಿದ್ದರು. ಆ ವರ್ಷ ಕಾಫಿ ಕುಯ್ಲು ಶುರುವಾಗುವ ಮೊದಲು, ಒಂದು ಬೆಳಿಗ್ಗೆ, ರೊಟ್ಟಿ ತಿಂದು ಕೈ ತೊಳೆಯಲು ಎದ್ದವರು ಮತ್ತೆ ಕೂತರು. ಅಷ್ಟೆ. ಮಣ್ಣಿಗೆ ಇಪ್ಪತ್ತು ಊರಿನ ಜನ ಬಂದರು. ಕಾಣದ್ದನ್ನು ಕಾಣಲಿಲ್ಲವೆಂದು ಬರೆಯುವುದಷ್ಟೇ ಗೊತ್ತಿದ್ದ ನನಗೆ, ಇನ್ನೊಬ್ಬರ ಕಣ್ಣಿಗಾಗಿ ಚೊಂಬು ಹಿಡಿದು ನಿಲ್ಲುವುದನ್ನು ಕಲಿಸಿದವರು ಅವರು. ಆ ಋಣಕ್ಕೆ ಯಾವ ಹಾಜರಿ ಪುಸ್ತಕದಲ್ಲೂ ಅಂಕಣವಿಲ್ಲ.

ತಿಥಿ ಕಳೆದ ಮೇಲೆ ಭಾಯ್ ಕಾರು ಒಯ್ಯಲು ಬಂದರು. ಸೆನ್ಸರಿನ ವಿಷಯ ಹೇಳಿದೆ. ಅವರು ಎಡಗಡೆಯ ಬೆಲ್ಟು ಬಿಚ್ಚಿ, ಒಬ್ಬರೇ ಕೂತು, ತಿರುವಿನವರೆಗೂ ಓಡಿಸಿಕೊಂಡು ಹೋಗಿ ವಾಪಸು ಬಂದರು. ಕಿಟಕಿ ಇಳಿಸಿದರು.

"ಏನೂ ಕೆಟ್ಟಿಲ್ಲ ರೈಟ್ರೇ, ಒಂದು ಸದ್ದೂ ಮಾಡ್ಲಿಲ್ಲ. ಸೀಟು ಖಾಲಿ ಐತೆ."