ದಡ್ಡಿಯೊಳಗೆ ಯಾರೂ ಆಡದ ಮಾತು

ಕೇಳಿರಿ, ಭಕ್ತಬಂಧುಗಳೇ. ಕೈಯೊಳಗಿನ ಕೆಲಸವನ್ನು ಒಂದು ಗಳಿಗೆ ಬದಿಗಿರಿಸಿ ಕೇಳಿರಿ. ಚಿಮ್ಮಡದ ಗಿರಮಲ್ಲಪ್ಪನ ಬಾಳನ್ನು ನಿಮ್ಮ ಮುಂದೆ ಇಡುತ್ತೇನೆ. ಅವನು ಕಳ್ಳನಲ್ಲ, ಕುಡುಕನಲ್ಲ, ದೇವರನ್ನು ಮರೆತವನೂ ಅಲ್ಲ. ಆದರೂ ಅವನ ಮನೆಯಲ್ಲಿ ಬೆಳಗಬೇಕಾಗಿದ್ದ ದೀಪ ಬೆಳಗಲಿಲ್ಲ.

ಗಿರಮಲ್ಲಪ್ಪ ಕುರಿ ಕಾಯುವವನು, ಬೀರಪ್ಪನೆಂದು ಕರೆಯುವ ಬೀರೇಶ್ವರನ ಒಕ್ಕಲು. ಊರ ಹೊರಗಿನ ಕುರಿದಡ್ಡಿಗೆ ಅವನೇ ಹಿರಿಯ. ಆ ದಡ್ಡಿಯಲ್ಲಿ ಕೂಡಿಹಾಕುತ್ತಿದ್ದ ಕುರಿಗಳೆಲ್ಲ ಅವನವಲ್ಲ. ಅಣ್ಣತಮ್ಮಂದಿರವು, ಬೀಗರವು, ಗಂಡನಿಲ್ಲದ ಮುದುಕಿಯರವು, ಎಲ್ಲ ಸೇರಿ ಒಂದೇ ಹಿಂಡಾಗಿ ಮೇಯುತ್ತಿದ್ದವು. ಅವನ ಪಾಲಿನವು ಬಹಳ ಕಡಿಮೆ. ಆದರೆ ಹೊರಗಿನವರ ಮುಂದೆ ನಿಂತು 'ಇವು ನಿನ್ನವು, ಇವು ನನ್ನವು' ಎಂದು ಬಿಡಿಸಿ ಹೇಳಬಾರದು. ಹೇಳಿದರೆ ಹಿಂಡು ಒಡೆಯುತ್ತದೆ, ಬೀರಪ್ಪ ಮುನಿಯುತ್ತಾನೆ ಎಂಬುದು ಹಿರಿಯರಿಂದ ಬಂದ ನಂಬಿಗೆ.

ಅವನ ಮಗಳು ಸತ್ಯವ್ವ ಆ ಕೇರಿಯಿಂದ ಕಾಲೇಜಿಗೆ ಹೋದ ಮೊದಲನೆಯ ಹುಡುಗಿ. ೧೯೭೯ರ ಮಾತಿದು. ಜಮಖಂಡಿಯಲ್ಲಿ ಬಿ.ಎ. ಮೊದಲ ವರ್ಷ. ಬಡವರ ಮಕ್ಕಳಿಗೆ ಸರಕಾರ ಕೊಡುವ ವಿದ್ಯಾರ್ಥಿವೇತನ ಬಂದರೆ ಅವಳ ಫೀ, ವಸತಿ, ಊಟ ಸಾಗಬೇಕು. ಬಾರದಿದ್ದರೆ ಓದು ಅಲ್ಲಿಗೇ ನಿಲ್ಲಬೇಕು. ಮನೆಯ ಸ್ಥಿತಿಯನ್ನು ಕಣ್ಣಾರೆ ಕಂಡು ಬರೆಯಲು ಊರ ಲೆಕ್ಕಪತ್ರ ಇಡುವ ತಲಾಟಿ ಬರುವನೆಂದು ಶ್ರಾವಣದಲ್ಲಿ ಸುದ್ದಿ ಬಂತು.

ಗಿರಮಲ್ಲಪ್ಪ ಹಿಗ್ಗಿದ. ಹೆಂಡತಿ ಯಲ್ಲಕ್ಕ ನೆರೆಮನೆಗಳಿಂದ ಹಿತ್ತಾಳೆಯ ತಂಬಿಗೆ, ತಾಟುಗಳನ್ನು ಕೇಳಿ ತಂದಳು.

"ಅಪ್ಪಾ, ಅವ್ರು ನಮ್ಮ ಬಡತನಾ ನೋಡಾಕ ಬರಾಕತ್ತಾರ. ನೀ ನೋಡಿದ್ರ ಲಗ್ನದ ತಯಾರಿ ನಡಿಸೀದಿ!" ಎಂದು ಸತ್ಯವ್ವ ರೇಗಿದಳು.

"ಸುಮ್ನಿರ ಬೇ. ಬಂದವ್ರಿಗೆ ಒಡಕ ತಾಟಿನಾಗ ನೀಡ್ಲೇನ?"

ತಲಾಟಿ ಬಂದ. ಹಣೆಗೆ ದೇವರ ಅರಿಶಿನ, ಭಂಡಾರ ಹಚ್ಚಿದರು, ಕೂಡಲು ಹೊಸ ಕಂಬಳಿ ಹಾಸಿದರು, ಹೊಟ್ಟೆ ತುಂಬ ಉಣಿಸಿದರು. ಕೈ ತೊಳೆದುಕೊಂಡು ಅವನು ದಡ್ಡಿಯ ಕಡೆಗೆ ನೋಡಿದ.

"ಈ ಕುರಿ ಯಾರವೋ, ಗಿರಮಲ್ಲಾ?"

"ನಮ್ಮವ ರೀ, ಸಾಹೇಬ್ರ. ಬೀರಪ್ಪ ಕೊಟ್ಟಾನ."

"ಎಲ್ಲಾ?"

"ಎಲ್ಲಾ ರೀ."

ಸುತ್ತ ನಿಂತವರೆಲ್ಲ ಈ ಮಾತು ಕೇಳಿದರು. 'ಅದರಾಗ ನಮ್ಮವೂ ಅದಾವ' ಎಂದು ಒಬ್ಬನಾದರೂ ಅನ್ನಲಿಲ್ಲ. ತಮ್ಮ ಪಾಂಡಪ್ಪ ಮಾತ್ರ, "ನಮ್ಮಣ್ಣ ಇವತ್ತ ಸಾವ್ಕಾರ ಆದ ನೋಡ್ರಿ!" ಎಂದು ನಗೆಯಾಡಿದ. ತಲಾಟಿ ನಗಲಿಲ್ಲ, ಕಂಡದ್ದನ್ನೂ ಕೇಳಿದ್ದನ್ನೂ ಬರೆದುಕೊಂಡು ಹೋದ.

ದೀಪಾವಳಿ ಕಳೆದ ಮೇಲೆ ವೇತನ ಸಿಕ್ಕವರ ಹೆಸರುಗಳು ಬಂದವು. ಸತ್ಯವ್ವನ ಹೆಸರಿರಲಿಲ್ಲ; ಅಷ್ಟು ಕುರಿಗಳಿರುವ ಮನೆ ಬಡವರದಲ್ಲವೆಂದು ಕಾಗದದಲ್ಲಿತ್ತು. ಗಿರಮಲ್ಲಪ್ಪ ಜಮಖಂಡಿಗೆ, ತಾಲೂಕಿನ ಮಾಮಲೇದಾರರ ಕಚೇರಿಗೆ ಓಡಿದ.

"ಅವತ್ತ ಎಲ್ಲಾ ನಮ್ಮವು ಅಂದಿ, ಇವತ್ತ ನಮ್ಮವಲ್ಲ ಅಂತಿ. ಯಾವುದು ಖರೆ?" ಎಂದು ಗುಮಾಸ್ತ ಕೇಳಿದ.

"ಎರಡೂ ಖರೆ ರೀ."

ಕಚೇರಿಗೆ ಕಚೇರಿಯೇ ನಕ್ಕಿತು. ಆದರೂ ಗುಮಾಸ್ತ ಕರುಣೆಯಿಂದ, "ಈ ತಿಂಗಳದಾಗ ಕುರಿ ಯಾರವೋ ಅವ್ರು ಬಂದು ಹೇಳ್ಲಿ, ಮತ್ತ ನೋಡೂಣು" ಎಂದ.

ಗಿರಮಲ್ಲಪ್ಪ ಮನೆಮನೆಗೆ ಹೋಗಿ ಕೈಮುಗಿದ. "ಹಿಂಡ ಒಡ್ಯೂ ಮಾತ ನನ್ನ ಬಾಯಿಂದ ಬರೂದಿಲ್ಲೋ ಅಣ್ಣಾ. ಅಷ್ಟಕ್ಕೂ ನಿನ್ನ ಮಗಳು ಓದಿ ಕಲೆಕ್ಟರ್ ಆಗಾಕಿ ಅದಾಳೇನ?" ಎಂದ ಪಾಂಡಪ್ಪ. ಉಳಿದವರು ತಲೆ ತಗ್ಗಿಸಿದರು. ಒತ್ತಾಯಿಸುವ ಧೈರ್ಯ ಗಿರಮಲ್ಲಪ್ಪನಿಗೂ ಸಾಲಲಿಲ್ಲ, ಏಕೆಂದರೆ ಆ ಭಯ ಅವನದೂ ಆಗಿತ್ತು. ತಿಂಗಳು ಮುಗಿಯಿತು.

ದೂರದ ನೆಂಟಸ್ತಿಕೆಯ ಸಾವಕ್ಕ ಎಂಬ ಮುದುಕಿ ಮಹಾಲಿಂಗಪುರದ ಮಗಳ ಮನೆಯಿಂದ ಮರಳಿದ್ದು ಆಮೇಲೆ. ಸಂಗತಿ ತಿಳಿದದ್ದೇ ತಡ, ನಸುಕಿನಲ್ಲಿ ದಡ್ಡಿಯ ಬಾಗಿಲು ತೆರೆದು, ತನ್ನ ನಾಲ್ಕು ಕುರಿಗಳನ್ನು ಬಿಡಿಸಿಕೊಂಡು, ಜಮಖಂಡಿಯವರೆಗೆ ಹೊಡೆದುಕೊಂಡು ನಡೆದಳು. ಕಚೇರಿಯ ಅಂಗಳದಲ್ಲಿ ನಿಂತು ಕೂಗಿದಳು: "ಇವ ನನ್ನವು, ನೋಡ್ರಿ! ಗಿರಮಲ್ಲನವಲ್ಲ. ಬೀರಪ್ಪ ಮುನಿದ್ರ ನನ್ನ ಮ್ಯಾಲೆ ಮುನೀಲಿ!"

ಗುಮಾಸ್ತ ಹೊರಗೆ ಬಂದ. "ಆಯಿ, ಹೋದ ವಾರನ ಕಾಗದಾ ಮ್ಯಾಲೆ ಹೋದ್ವು. ಇನ್ನ ನಾ ಏನೂ ಮಾಡಾಕ ಬರೂದಿಲ್ಲ."

ಮರುದಿನ ಸಂಜೆ ಅವಳು ಮರಳಿದಾಗ ಆ ಕುರಿಗಳು ಎಂದಿನಂತೆ ದಡ್ಡಿಯೊಳಗೆ ನುಗ್ಗಿ ಹಿಂಡಿನಲ್ಲಿ ಬೆರೆತವು. ಹಿಂಡು ಒಡೆಯಲಿಲ್ಲ. ಬೀರಪ್ಪ ಮುನಿಯಲಿಲ್ಲ. ಊರವರೆಲ್ಲ ಅದನ್ನು ಕಂಡರು. ಆದರೆ ಸತ್ಯವ್ವ ಅಷ್ಟರಲ್ಲಿ ಟ್ರಂಕು ಹೊತ್ತು ಮನೆಗೆ ಬಂದಾಗಿತ್ತು. ಮರುವರ್ಷ ಮುಧೋಳದ ಆಚೆಯ ಹಳ್ಳಿಗೆ ಅವಳನ್ನು ಕೊಟ್ಟರು. ತೌರಿಗೆ ಬಂದಾಗಲೆಲ್ಲ ಅವಳು ಉಣ್ಣೆ ನೂಲುತ್ತ ಕೂಡುತ್ತಿದ್ದಳು. ತಂದೆಯೊಡನೆ ಹೆಚ್ಚು ಮಾತಾಡುತ್ತಿರಲಿಲ್ಲ.

ಗಿರಮಲ್ಲಪ್ಪ ಆಮೇಲೆ ಹತ್ತಾರು ವರ್ಷ ಬದುಕಿದ. ಕುರಿ ಯಾರವೆಂದು ದಾರಿಹೋಕರು ಕೇಳಿದರೆ, ತನ್ನ ಸ್ವಂತ ಕುರಿಗಳ ನಡುವೆ ನಿಂತಿದ್ದರೂ, "ನನ್ನವಲ್ಲ ರೀ" ಎನ್ನುತ್ತಿದ್ದ. ಹಾಗೆನ್ನುತ್ತಲೇ ಹೋದ.

ಬಂಧುಗಳೇ, ನಮ್ಮ ದೇವರು ಒಂದು ಕೂಸಿನ ಓದಿಗಿಂತ ನಮ್ಮ ಮೌನವನ್ನು ಹೆಚ್ಚಾಗಿ ಮೆಚ್ಚುವವನೆಂದು ನಂಬಬೇಡಿರಿ. ನಿಮ್ಮ ಪಾಲಿನದೇನಾದರೂ ಬಡವನೊಬ್ಬನ ಹೆಸರಿನ ಮೇಲೆ ಹೊರೆಯಾಗಿ ಕುಳಿತಿದ್ದರೆ, ಸಾವಕ್ಕನಂತೆ ಎದ್ದು ನಡೆಯಿರಿ; ಎಲ್ಲರೆದುರಿಗೆ ನಿಂತು 'ಇದು ನನ್ನದು' ಎನ್ನಿರಿ. ನಿಮ್ಮ ಕಾಲಿಗೆ ಬಿದ್ದು ಬೇಡುತ್ತೇನೆ, ಅವಳಿಗಿಂತ ಒಂದು ವಾರ ಮೊದಲೇ ಹೊರಡಿರಿ.